ಸೈಕಲ್ ತಂಡ ಮತ್ತು ಎರಡನೇ ಲೋಟ

ನಮ್ಮ ತಂಡದ ಸೈಕಲ್ಲುಗಳಿಗೆ ಬ್ರೇಕ್ ಇತ್ತು, ನಮ್ಮ ಎಡವಟ್ಟುಗಳಿಗೆ ಇರಲಿಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎದುರಿಗೆ ಬಂದು ನಿಲ್ಲುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ನಕ್ಕು ಮುಗಿಯುವ ಹೊತ್ತಿಗೆ ಒಳಗೆಲ್ಲೋ ಚುರುಕ್ ಅನ್ನುತ್ತದೆ.

ತೊಂಬತ್ತರ ದಶಕದ ಮಾತು. ಶಿರಸಿಯಲ್ಲಿ ನಮಗೊಬ್ಬರು ಡ್ರಿಲ್ ಮಾಸ್ತರು ಇದ್ದರು, ಹಾವೇರಿ ಕಡೆಯವರು. ಮಳೆಗಾಲ ಮುಗಿದು ನವರಾತ್ರಿ ಕಳೆದದ್ದೇ ರಸ್ತೆ ಸೈಕಲ್ ರೇಸಿನ ತಾಲೀಮು ಶುರು ಮಾಡಿಸುತ್ತಿದ್ದರು. ತಂಡದಲ್ಲಿ ನಾಲ್ವರು. ಹೆಗಡೆಕಟ್ಟಾದವನೊಬ್ಬ, ಸಿದ್ದಾಪುರದವನೊಬ್ಬ, ವಜ್ರಳ್ಳಿಯವನೊಬ್ಬ, ಪೇಟೆಯವನು ಅಂತ ನಾನು. ಸಂಕ್ರಾಂತಿ ಹೊತ್ತಿಗೆ ಜಿಲ್ಲೆಯಿಂದ ಒಂದೇ ಒಂದು ತಂಡವನ್ನು ಆರಿಸಿ ರಾಜ್ಯದ ರೇಸಿಗೆ ಕಳಿಸುತ್ತಿದ್ದರು. ಮಾಸ್ತರರ ಹುಡುಗರು ಒಮ್ಮೆಯೂ ಹೋಗಿರಲಿಲ್ಲ. ಆ ವರ್ಷ ಮಾಸ್ತರರಿಗೆ ವರ್ಗವಾಗಿತ್ತು, ಬೇಸಿಗೆಗೆ ಊರು ಬಿಡಬೇಕಿತ್ತು.

"ನನ್ನ ಹುಡುಗ್ರು ಒಮ್ಮೆ ಮುಂದಾಗಿ ಗೆರಿ ದಾಟೂದು ಕಣ್ಣಿಂದ ನೋಡಿ ಹೋಗ್ಬೇಕಲೇ. ಮತ್ತೇನೂ ಬ್ಯಾಡ ನನಗ" ಅನ್ನುತ್ತಿದ್ದರು. ಅವರಿಗೆ ಅದನ್ನು ತೋರಿಸಿಯೇ ಕಳಿಸಬೇಕು ಅಂತ ನಮಗೂ ಹುಚ್ಚು ಹಿಡಿದಿತ್ತು.

ಅಕ್ಕಿ ಚೀಲ

ಸೈಕಲ್ ಹಗುರಾದಷ್ಟೂ ಓಟ ಜಾಸ್ತಿ ಅಂತ ಮಾಸ್ತರು ಎಲ್ಲರ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಗಂಟೆ ಎಲ್ಲ ಕಳಚಿಸಿದರು. ಸೈಕಲ್ಲು ನೋಡಿದರೆ ಗರಿ ಕಿತ್ತ ಕೋಳಿಯ ಹಾಗೆ ಕಾಣುತ್ತಿತ್ತು.

ಭಾನುವಾರದ ತಾಲೀಮು ಯಲ್ಲಾಪುರದಿಂದ ಶಿರಸಿಗೆ. ವಜ್ರಳ್ಳಿಯವನು ಶನಿವಾರ ಮನೆಗೆ ಹೋಗಿ, ಭಾನುವಾರ ಬೆಳಿಗ್ಗೆ ಯಲ್ಲಾಪುರದಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಿದ್ದ. ಒಂದು ಭಾನುವಾರ ನೋಡುತ್ತೇವೆ, ಅವನ ಸೈಕಲ್ಲಿಗೆ ಕ್ಯಾರಿಯರು ವಾಪಸು ಬಂದಿದೆ. ಅದರ ಮೇಲೆ ಒಂದು ಚೀಲ ಅಕ್ಕಿ.

"ರೇಸಿಗೆ ಬಂದೀಯೋ, ಸಂತಿಗೆ ಹೊಂಟೀಯೋ?" ಮಾಸ್ತರು ಕೂಗಾಡಿದರು.

"ಅಪ್ಪ ಕೇಳ್ಲಿಲ್ಲ ಸರ್. ಹೆಂಗೂ ಶಿರಸಿಗೆ ಹೋಗ್ತೀಯಲಾ, ಅಕ್ಕನ ಮನೆಗೆ ಅಕ್ಕಿ ಕೊಟ್ಟು ಹೋಗು ಅಂದ. ಖಾಲಿ ಸೈಕಲ್ ಯಾಕೆ ತುಳೀತಿ ಅಂತ ಬೈದ."

ಇಳಿಸಿ ಇಡಲು ಜಾಗವಿರಲಿಲ್ಲ, ಹಾಗೇ ಹೊರಟೆವು. ಮೊದಲ ಏರಿನಲ್ಲಿಯೇ ಅವನು ಕಣ್ಮರೆಯಾದ. ಹಿಂದೆ ಬಿದ್ದನೇನೋ ಅಂದುಕೊಂಡೆವು. ನಾವು ಮೂವರು ಏದುಸಿರು ಬಿಡುತ್ತ ಶಿರಸಿ ಸಮೀಪಿಸಿದರೆ ಅವನು ಎದುರಿನಿಂದ ಬರುತ್ತಿದ್ದಾನೆ. ಅಕ್ಕನ ಮನೆಗೆ ಅಕ್ಕಿ ಮುಟ್ಟಿಸಿ, ಚಾ ಕುಡಿದು, ನಾವು ಏಕೆ ಬರಲಿಲ್ಲವೆಂದು ಹುಡುಕಿಕೊಂಡು ಹೊರಟಿದ್ದನಂತೆ.

ನಮ್ಮ ಬೆನ್ನ ಹಿಂದೆಯೇ ಬರುತ್ತಿದ್ದ ಮಾಸ್ತರು ಸ್ಕೂಟರ್ ನಿಲ್ಲಿಸಿ ಅವನನ್ನು ನೋಡಿದರು, ನಮ್ಮನ್ನು ನೋಡಿದರು. "ಮುಂದಿನ ವಾರ ನೀವೂ ಒಂದೊಂದು ಚೀಲ ಕಟ್ಕೊಂಡು ಬರ್ರಿ."

ಕೆರೆ ದಂಡೆಯ ಪಂಚೆ

ರೇಸಿನ ಬಿಗಿ ಚಡ್ಡಿ ನಮಗೆ ದೊಡ್ಡ ಸಂಕಟವಾಗಿತ್ತು. ಸಿದ್ದಾಪುರದವನ ಮನೆಯಲ್ಲಂತೂ ಅಜ್ಜಿ, "ಇದರ ಮೇಲೆ ಹಾಕ್ಯಂಬದು ಎಲ್ಲಿದ್ದು?" ಅಂತ ದಿನಾ ಕೇಳುತ್ತಿದ್ದಳು. ಪಾಪ, ಅವನು ಚಡ್ಡಿಯ ಮೇಲೆ ಪಂಚೆ ಉಟ್ಟು ಮನೆಯಿಂದ ಹೊರಟು, ಊರಾಚೆಯ ಕೆರೆ ದಂಡೆಯಲ್ಲಿ ಪಂಚೆ ಬಿಚ್ಚಿ ಮಡಿಸಿಟ್ಟು, ಅದರ ಮೇಲೆ ಚಪ್ಪಲಿ ಇಟ್ಟು ತಾಲೀಮಿಗೆ ಬರುತ್ತಿದ್ದ.

ಒಂದು ದಿನ ತಾಲೀಮು ಮುಗಿಸಿ ಅವನು ವಾಪಸು ಹೋದರೆ ಕೆರೆಯ ಸುತ್ತ ಜನವೋ ಜನ. ಪಂಚೆ, ಚಪ್ಪಲಿ ದಂಡೆಯಲ್ಲಿದೆ, ಮನುಷ್ಯ ಇಲ್ಲ. ಇಬ್ಬರು ನೀರಿಗಿಳಿದು ಮುಳುಗಿ ಮುಳುಗಿ ಹುಡುಕುತ್ತಿದ್ದರು. ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಯಾರ ಮನೆ ಮಗನೋ, ಒಳ್ಳೆಯವನಿದ್ದ" ಅಂತ ಒಬ್ಬರು ಹೇಳಿಯೂ ಆಗಿತ್ತು.

ನಮ್ಮವನು ಸೈಕಲ್ ಮರಕ್ಕೆ ಒರಗಿಸಿ, ಬಿಗಿ ಚಡ್ಡಿಯಲ್ಲೇ ಗುಂಪಿಗೆ ಸೇರಿ, ಒಂದು ಗಳು ಹಿಡಿದು ತಾನೂ ನೀರು ಕೆದಕಲು ಶುರುಮಾಡಿದ. ಕೊನೆಗೆ ಅಜ್ಜಿಯೇ ಬಂದು ಪಂಚೆಯ ಅಂಚು ಗುರುತು ಹಿಡಿದಳು. ಅವನ ಕಿವಿ ಹಿಡಿದು ಎಳೆದುಕೊಂಡು ಹೋದಳು.

"ಬಾಯಿ ಬಿಡಬಾರದಿತ್ತೇನೋ?" ಅಂತ ಮರುದಿನ ಕೇಳಿದೆವು.

"ಎಲ್ಲ ಅಷ್ಟು ಬೇಜಾರಲ್ಲಿದ್ದಿದ್ದ. ಅದು ಎನ್ನ ಪಂಚೆ ಹೇಳಲೆ ಮನಸೇ ಬಂಜಿಲ್ಲೆ" ಅಂದ.

ಹೆಗಡೆಕಟ್ಟಾ ರಸ್ತೆ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡಬೇಕು, ಅಂದರೆ ಬಾಯಾರಿಕೆಗೆ ಏನಾದರೂ. ಬೇಡ ಅಂದರೆ ಮನೆಯವರಿಗೆ ಅವಮಾನ. ಮಾಸ್ತರರಿಗೆ ಇದೊಂದು ದೊಡ್ಡ ತಲೆನೋವು. "ರಸ್ತಿ ಮ್ಯಾಲೆ ದೇವರ ಬಂದ್ರೂ ನಿಂದ್ರಬ್ಯಾಡ್ರಿ" ಅಂತ ಕಟ್ಟಪ್ಪಣೆ ಮಾಡಿದ್ದರು.

ಹೆಗಡೆಕಟ್ಟಾ ರಸ್ತೆಗಿಳಿದ ದಿನ ದೇವರು ಬರಲಿಲ್ಲ, ಹೆಗಡೆಕಟ್ಟಾದವನ ಸೋದರತ್ತೆ ಬಂದಳು. "ತಮಾ, ಮನೆ ಮುಂದೆ ಮುಖ ತೋರ್ಸದ್ದೆ ಹೋಪವನಾ ನೀನು? ಆಸರಿಗೆ ಎಂತ ಅಡ್ಡಿಲ್ಲೆ?" ಕುಡಿಯಲು ಏನು ಕೊಡಲಿ ಅಂತ ಕೇಳಿದ್ದೇ ತಡ, ನಾಲ್ಕೂ ಸೈಕಲ್ಲು ಅಂಗಳದಲ್ಲಿ ಮಲಗಿದವು. ಹಿಂದಿನಿಂದ ಬಂದ ಮಾಸ್ತರು ಸ್ಕೂಟರಿನಿಂದ ಹಾರಿಳಿದು, ಬೈಯಲು ಒಳಗೆ ನುಗ್ಗಿದರು. ನಾವು ಮೆಲ್ಲಗೆ ಹೊರಗೆ ಜಾರಿದೆವು.

ಬಹಳ ಹೊತ್ತಾದರೂ ಮಾಸ್ತರು ಬರಲಿಲ್ಲ. ಇಣುಕಿದರೆ ಕಷಾಯ ಕುಡಿದು, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವಿಗೆ ತುಪ್ಪ ಸವರಿ ಮುರಿಯುತ್ತ ಕೂತಿದ್ದಾರೆ. ಹೊರಗೆ ಬಂದವರು ಗಂಭೀರವಾಗಿ ಕಿಕ್ ಹೊಡೆದರು.

"ಈ ರಸ್ತಿ ಚಲೋ ಐತಿ. ನಾಳೆನೂ ಇದನ್ನ ಇಟ್ಕೊಳ್ಳೋಣು."

ಗೆರೆ

ಆಯ್ಕೆಯ ದಿನ ಬಂತು. ಸಿದ್ದಾಪುರದಿಂದ ಶಿರಸಿಗೆ ಓಟ, ಶಿರಸಿ ಪೇಟೆಯ ಹೊರಗೆ ಸುಣ್ಣದ ಗೆರೆ. ಆಯ್ಕೆ ಮಾಡಲು ಒಬ್ಬರೇ ಸಾಹೇಬರು ಬಂದಿದ್ದರು, ಅವರ ಹತ್ತಿರ ಒಂದೇ ಸ್ಟಾಪ್‌ವಾಚು. ತಂಡವನ್ನು ಹೊರಡಿಸಿ, ಬೆನ್ನ ಹಿಂದೆಯೇ ವಾಹನದಲ್ಲಿ ಬಂದು, ಗೆರೆ ದಾಟಿದಾಗ ಸಮಯ ಹಿಡಿಯಬೇಕು. ಉಳಿದ ತಂಡಗಳನ್ನು ಅವರವರ ಜೀಪಿನಲ್ಲಿ ಹಿಂಬಾಲಿಸಿ ಮುಗಿಸಿದ್ದರು. ಕೊನೆಯ ಸರದಿ ನಮ್ಮದು. ನಮ್ಮಲ್ಲಿ ಜೀಪಿಲ್ಲ, ಸಾಹೇಬರು ಮಾಸ್ತರರ ಸ್ಕೂಟರ್ ಹಿಂದೆ ಕೂತರು.

ಆ ದಿನ ನಾವು ತುಳಿದ ಹಾಗೆ ಜನ್ಮದಲ್ಲಿ ಮತ್ತೆ ತುಳಿಯಲಿಲ್ಲ. ಕಾನಸೂರು ದಾಟುತ್ತಲೇ ರಸ್ತೆ ಬದಿಗೆ ಒಂದು ಗುಂಪು ಕಂಡಿತು. ಹೆಗಡೆಕಟ್ಟಾದವನ ಸೋದರಮಾವ. ಅಳಿಯ ಬರುತ್ತಾನೆಂದು ಆಲೆಮನೆಯಿಂದ ಕೊಡ ತುಂಬ ಕಬ್ಬಿನ ಹಾಲು ತಂದು, ಲೋಟ ಜೋಡಿಸಿಕೊಂಡು ನಿಂತಿದ್ದರು.

"ತಮಾ! ನಿಲ್ಲು, ನಿಲ್ಲು!"

ಹೆಗಡೆಕಟ್ಟಾದವನು ತಲೆ ತಗ್ಗಿಸಿದ. ನಾವೂ ತಗ್ಗಿಸಿದೆವು. ಜೀವನದಲ್ಲಿ ಮೊದಲ ಸಲ ನಾಲ್ವರೂ ನಿಲ್ಲದೆ ಹೋದೆವು. ಅವನು ಶಿರಸಿಯವರೆಗೂ ಅಳುತ್ತಲೇ ತುಳಿದ.

ಗೆರೆ ದಾಟಿದೆವು. ತಿರುಗಿ ನೋಡಿದರೆ ಯಾರೂ ಇಲ್ಲ. ನಾವು ದಾಟಿದ್ದನ್ನು ನೋಡಿದ್ದು ಒಂದು ಎಮ್ಮೆ, ಅದಕ್ಕೂ ಅಂಥ ಆಸಕ್ತಿ ಕಾಣಲಿಲ್ಲ. ಕಾದೆವು, ಬೆವರು ಆರುವವರೆಗೆ ಕಾದೆವು. ಆಮೇಲೆ ಸ್ಕೂಟರ್ ಬಂತು. ಮಾಸ್ತರರ ಮೀಸೆಯಲ್ಲಿ ನೊರೆ ಇತ್ತು.

ಆಗಿದ್ದಿಷ್ಟು. ನಾವು ನಿಲ್ಲದೆ ಹೋದದ್ದಕ್ಕೆ ಮಾವನ ಮುಖ ಸಪ್ಪಗಾಗಿತ್ತು. ಸ್ಕೂಟರಿಗೆ ಅಡ್ಡ ನಿಂತು, "ಹುಡ್ರಂತೂ ನಿಂತಿದ್ವಿಲ್ಲೆ ಮಾಸ್ತರೆ, ನಿಂಗಳಾದ್ರೂ ಕುಡ್ಕಂಡು ಹೋಗಿ" ಅಂದರಂತೆ. ತನ್ನ ಮಾತು ಕೇಳಿ ಹುಡುಗರು ಹಿರಿಯರ ಮನಸ್ಸು ನೋಯಿಸಿದರಲ್ಲ ಅಂತ ಮಾಸ್ತರು ಇಳಿದರು. ಸಾಹೇಬರೂ ಇಳಿದರು. ಸಾಹೇಬರ ಕಿಸೆಯಲ್ಲಿ ಸ್ಟಾಪ್‌ವಾಚು ಓಡುತ್ತಲೇ ಇತ್ತು.

"ನನ್ನ ಕಣ್ಣಿಗೆ ಕಂಡಾಗಿನ ಸಮಯವನ್ನೇ ಬರೆಯೋದು" ಅಂದರು ಸಾಹೇಬರು. ಆ ಲೆಕ್ಕದಲ್ಲಿ ನಾವು ಎಲ್ಲರಿಗಿಂತ ಕೊನೆ. ಮಾಸ್ತರು ಬೇಸಿಗೆಯಲ್ಲಿ ಸಾಮಾನು ಕಟ್ಟಿ ಹೊರಟುಹೋದರು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ವರೂ ಅತ್ತೆವು.

ಸುಮಾರು ಹತ್ತು ವರ್ಷದ ಮೇಲೆ, ನಿವೃತ್ತರಾದ ಅವರನ್ನು ನೋಡಲು ಹಾವೇರಿ ಕಡೆಯ ಅವರ ಊರಿಗೆ ಹೋಗಿದ್ದೆ. ಮಂಡಿ ಹಿಡಿದಿತ್ತು, ಮೀಸೆ ಬೆಳ್ಳಗಾಗಿತ್ತು. ಸಂಜೆವರೆಗೂ ಮಾತಾಡಿದೆವು. ಹೊರಡಲು ಎದ್ದಾಗ ಕೈ ಹಿಡಿದುಕೊಂಡರು.

"ಖರೇ ಹೇಳು. ಅವತ್ತು ನೀವು ಗೆದ್ದಿದ್ರೇನು?"

"ಗೆದ್ದಿದ್ವಿ ಸರ್. ನನ್ನ ಕೈಗಡಿಯಾರದ ಲೆಕ್ಕದಲ್ಲಿ ಎಲ್ಲರಿಗಿಂತ ಬಹಳ ಮುಂದಿದ್ವಿ."

ಮಾಸ್ತರು ಬಾಗಿಲ ಕಡೆ ನೋಡಿದರು. "ಒಂದು ಲೋಟ ಕುಡದು ಎದ್ದಿದ್ರ ನಿಮ್ಮನ್ನ ಹಿಡೀತಿದ್ವಿ. ಸಾಹೇಬ್ರು ಏಳ್ರಿ ಏಳ್ರಿ ಅಂದ್ರು ಪಾಪ. ಎರಡನೇ ಲೋಟ ಕೇಳಿದಾವ ನಾನ."

ಅಷ್ಟರಲ್ಲಿ ಅವರ ಹೆಂಡತಿ ಮಜ್ಜಿಗೆ ತಂದರು. ಕೊನೆಯ ಬಸ್ಸು ಹೋಗುತ್ತದೆ ಅಂದೆ. "ಕುಡದು ಹೋಗು" ಅಂದರು ಮಾಸ್ತರು. ಒಂದು ಲೋಟ ಕುಡಿದು ಕೆಳಗಿಟ್ಟೆ. ಅವರು ತಾವೇ ತಂಬಿಗೆ ಎತ್ತಿ ಎರಡನೇ ಲೋಟ ತುಂಬಿದರು. ಹೊರಗೆ ಬಸ್ಸಿನ ಹಾರನ್ನು ಕೇಳಿತು. ಬೇಡ ಅನ್ನಲು ಬಾಯಿ ಬರಲಿಲ್ಲ, ನಿಧಾನವಾಗಿ ಕುಡಿದು ಮುಗಿಸಿದೆ. ಬಸ್ಸು ಹೋದ ಸದ್ದು ಇಬ್ಬರಿಗೂ ಕೇಳಿತು.

"ಹೋತಲ್ಲಲೇ ಬಸ್ಸು" ಅಂದರು ಮಾಸ್ತರು, ಕಣ್ಣೊರೆಸಿಕೊಂಡು ನಗುತ್ತ. "ದೇವರ ಬಂದ್ರೂ ನಿಂದ್ರಬ್ಯಾಡ ಅಂತ ಹೇಳಿದ್ನಿಲ್ಲೋ ನಿನಗ?"