ಡೈರಿ ಸರ್ವರಿಗೆ ನಾನಿಟ್ಟ ಸಹಾಯಕ

ನಾನು ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ನನ್ನ ಹೆಂಡತಿ ಗೌರಿ ಸುಗಟೂರಿನ ಪಕ್ಕದ ನಮ್ಮೂರಿನ ಹೆಂಗಸರ ಡೈರಿಗೆ ಕಾರ್ಯದರ್ಶಿ. "ಹೊರಗಿನವ್ರು ಯಾಕೆ, ಕಂಪ್ಯೂಟರ್ ಕೆಲಸ ನಮ್ಮೆಜಮಾನ್ರೇ ಮಾಡ್ತಾರೆ" ಎಂದು ಸಭೆಯಲ್ಲಿ ಮಾತು ಕೊಟ್ಟುಬಿಟ್ಟಳು. ನನಗೆ ಅಂದೇ ಕೊಂಬು ಬಂದವು!

ಲೆಕ್ಕವೆಲ್ಲ ಇರುವ ಡೇಟಾಬೇಸ್ ಸರ್ವರಿಗೆ ಒಂದು ಒಳ್ಳೆಯ ಗುಣವಿದೆ. ತಾನು ಎದ್ದಾಗ ಸಹಾಯಕ ಪ್ರೋಗ್ರಾಮುಗಳನ್ನೂ ಎಬ್ಬಿಸುತ್ತದೆ. ಯಾವುದಾದರೂ ಕೆಟ್ಟು ನಿಂತರೆ ತಾನೇ ಮತ್ತೆ ಶುರು ಮಾಡುತ್ತದೆ. ಅಂಥ ಒಬ್ಬ ಸಹಾಯಕನನ್ನು ಖುಷಿಯಿಂದ ಬರೆದೆ. ಸಂಜೆ ಎಲ್ಲ ಸದಸ್ಯೆಯರ ಮೊಬೈಲಿಗೂ "ಹಾಲಿನ ಅಳತೆ ಶುರುವಾಗಿದೆ, ಬೇಗ ಬನ್ನಿ" ಎಂದು ಕಳಿಸುವುದು ಅವನ ಘನ ಕರ್ತವ್ಯ. ಸಂಜೆಯವರೆಗೆ ಕಾಯಬೇಕು ಎಂದು ಅವನಿಗೆ ಹೇಳುವುದೊಂದನ್ನು ಮರೆತಿದ್ದೆ.

ನಡುಮಧ್ಯಾಹ್ನ ಡೈರಿಯಲ್ಲಿ ಕೂತು ಸರ್ವರ್ ಆನ್ ಮಾಡಿದೆ. ಸಹಾಯಕ ಎದ್ದ, ಮೆಸೇಜು ಕಳಿಸಿದ, ಕೊನೆಯ ಸಾಲಿನಲ್ಲಿ ನಾನೇ ಮಾಡಿದ್ದ ತಪ್ಪಿಗೆ ಎಡವಿ ಸತ್ತ. ಸರ್ವರ್ ಎಬ್ಬಿಸಿತು. ಮತ್ತೆ ಕಳಿಸಿದ, ಮತ್ತೆ ಸತ್ತ. ಊರ ತುಂಬ ಟಿಂಗ್ ಟಿಂಗ್!

ಮೊದಲು ಓಡಿಬಂದವರು ಹಿರಿಯ ಸದಸ್ಯೆ ಮುನಿಯಮ್ಮ. ಕ್ಯಾನು ಖಾಲಿ.

"ಏನಪ್ಪಾ, ಬೆಳಿಗ್ಗೆ ತಾನೆ ಹಾಲ್ ಹಾಕಿದ್ದೀನಿ. ತಿರ್ಗಾ ಕರಿಯಕ್ಕೆ ಹೋದ್ರೆ ಹಸ ಒದ್ಬಿಡ್ತು. ನಮ್ಮ ಹಸ ಏನ್ ನಲ್ಲಿನಾ?"

ಹಿಂದೆಯೇ ಇನ್ನಷ್ಟು ಹೆಂಗಸರು. ಕೆಲವರಂತೂ ಕರುವಿಗೆಂದು ಬಿಟ್ಟಿದ್ದ ಹಾಲನ್ನೂ ಹಿಂಡಿ ತಂದಿದ್ದರು. ಗೌರಿ ತಲೆ ತಗ್ಗಿಸಿದಳು. ನನ್ನನ್ನು ನಂಬಿ ಮಾತು ಕೊಟ್ಟವಳು.

"ಮೊದ್ಲು ಆ ನಿಮ್ಮ ಸಹಾಯಕನ್ನ ನಿಲ್ಸಿ ರೀ" ಎಂದಳು.

"ನಿಲ್ಸಿದೆ ಕಣೇ. ಸರ್ವರ್ ಮತ್ತೆ ಎಬ್ಬಿಸ್ತು."

"ಹಂಗಾದ್ರೆ ಸರ್ವರನ್ನೇ ಆಫ್ ಮಾಡಿ."

ಮಾಡಿದೆ. ಟಿಂಗ್ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಅಷ್ಟಿಷ್ಟು ಮರ್ಯಾದೆ ಉಳಿಯುತ್ತಿತ್ತು. ನಾನು ಮೇಷ್ಟ್ರಲ್ಲವೇ? ಸರಿಹೋಯಿತು ನೋಡಿ ಎಂದು ಎಲ್ಲರೆದುರು ಮತ್ತೆ ಆನ್ ಮಾಡಿದೆ. ಅಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೇ ಕೂಗಿಕೊಂಡವು! ಗೌರಿ ಬಂದು ಗೋಡೆಯ ಪ್ಲಗ್ಗನ್ನೇ ಕಿತ್ತಳು.

"ಇನ್ಮೇಲೆ ಮೆಸೇಜ್ ನಂಬಿ ನಾವು ಬರಲ್ಲಮ್ಮ" ಎಂದರು ಮುನಿಯಮ್ಮ. "ಮನೆ ಹತ್ರ ಬಂದು ಕೂಗಿದ್ರೆ ಬರ್ತೀವಿ."

ಗೌರಿ ನನ್ನನ್ನು ನೋಡಿದಳು.

ಸಂಜೆ ನಾನು ಬೀದಿ ಬೀದಿ ಸುತ್ತಿ ಕೂಗಿದೆ. ಎರಡನೇ ಬೀದಿಗೇ ಕಾಲು ಸೋತು, ಯಾರದೋ ಜಗಲಿಯ ಮೇಲೆ ಕೂತೆ. ಮೊಬೈಲು ಬಡಿದುಕೊಂಡಿತು. ಗೌರಿ.

"ಯಾಕ್ರೀ, ಸದ್ದೇ ಇಲ್ಲ? ನಿಂತೋದ್ರಾ? ಏಳಿ, ಮೊದಲ್ನಿಂದ ಕೂಗಿ."

ಎದ್ದೆ.