ನಾಲ್ಕು ವರ್ಷ ಅಗಿಯುವ ಮಾತು ಯಾರದು?

ಹಾರ್ಟ್‌ವೆಲ್ ಮಿಲ್ಸ್ ಪಟ್ಟಣದ ಸ್ಮಾರಕ ಫಲಕ ಸಮಿತಿಯ ಮುಖ್ಯಸ್ಥೆ ಶ್ರೀಮತಿ ಪ್ರುಡೆನ್ಸ್ ಆಮ್ಸ್‌ಡೆನ್ ಅವರಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಆರು ಮಂದಿ ಸದಸ್ಯರಿಗೂ, ಹೋದ ವಾರ ಎರಕ ಹೊಯ್ಸಿ ತರಿಸಿದ ಹಿತ್ತಾಳೆಯ ಫಲಕಕ್ಕೂ ಈ ಊರಿನ ಒಬ್ಬ ಸಾಮಾನ್ಯ ನಾಗರಿಕನ ಗೌರವಪೂರ್ವಕ ವಂದನೆಗಳು. ಫಲಕವನ್ನು ಕೊನೆಯಲ್ಲಿ ನೆನೆದದ್ದಕ್ಕೆ ಅದು ಬೇಸರಿಸದಿರಲಿ. ತಮ್ಮೆಲ್ಲರಿಗಿಂತ ಹೆಚ್ಚು ಕಾಲ ಉಳಿಯುವುದು ಅದೇ ಎಂಬುದು ನನಗೆ ಗೊತ್ತಿದೆ, ನನ್ನ ಆತಂಕವೂ ಅದೇ.

ಬರುವ ಸೋಮವಾರ, ದೇಶದ ಅಧ್ಯಕ್ಷರುಗಳನ್ನು ನೆನೆಯುವ ಅಧ್ಯಕ್ಷರ ದಿನದ ರಜೆಯಂದು, ಹಣ್ಣು ತುಂಬಿ ಬೇಯಿಸುವ ಪೈಗೆ ಹೆಸರಾದ ವರ್ನಾ ಥಿಬಾಡೋ ಅವರ ಡೈನರ್ ಎಂಬ ಪುಟ್ಟ ಹೋಟೆಲಿನ ಗೋಡೆಗೆ ತಾವು ಆ ಫಲಕ ಹೊಡೆಸಲಿದ್ದೀರಿ. "ತಪ್ಪು ಪೈ ಹತ್ತು ನಿಮಿಷ, ತಪ್ಪು ಅಧ್ಯಕ್ಷ ನಾಲ್ಕು ವರ್ಷ" ಎಂಬ ಮಾತು, ಅದರ ಕೆಳಗೆ ಅದನ್ನು ಆಡಿದರೆನ್ನಲಾದ ಅಧ್ಯಕ್ಷರ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಸರಿನಲ್ಲಿ ಈಗಾಗಲೇ ಒಂದು ಹೆದ್ದಾರಿ, ಎರಡು ಪ್ರೌಢಶಾಲೆ ಮತ್ತು ಒಂದು ಸೇತುವೆ ಇವೆ. ವರ್ನಾ ಅವರ ಬಳಿ ಇದ್ದದ್ದು ಆ ಒಂದು ಮಾತು.

ನ್ಯೂ ಹ್ಯಾಂಪ್‌ಶೈರ್‌ನವರಾದ ನಮಗೆ ಅಧ್ಯಕ್ಷರು ಅಪರೂಪದ ಪ್ರಾಣಿಗಳೇನಲ್ಲ. ಅಭ್ಯರ್ಥಿಗಳನ್ನು ಆರಿಸುವ ಮತದಾನ ಮೊದಲು ನಡೆಯುವುದು ನಮ್ಮಲ್ಲೇ ಆದ್ದರಿಂದ, ನಾಲ್ಕು ವರ್ಷಕ್ಕೊಮ್ಮೆ, ಹಿಮ ಮೊಣಕಾಲು ಮುಟ್ಟುವ ಹೊತ್ತಿಗೆ, ಆ ಹುದ್ದೆಯನ್ನು ಬಯಸುವವರೆಲ್ಲ ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ಒಬ್ಬ ಅಭ್ಯರ್ಥಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಪತ್ರಕರ್ತರು ಕೇಳಿದಾಗ ನನ್ನ ಭಾವ ಹೇಳಿದ್ದು ಇಷ್ಟೇ: "ಬಂದ, ಸಲಿಕೆ ಹಿಡ್ಕೊಂಡ, ಫೋಟೋ ತೆಗೆಸ್ಕೊಂಡ, ಹೋದ. ಹಿಮ ಅಲ್ಲೇ ಬಿದ್ದಿದೆ ನೋಡಿ."

ಅಧ್ಯಕ್ಷರ ತಮಾಷೆಗಳ ಮೇಲೆ ನನಗೆ ದ್ವೇಷವಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ನಿದ್ದೆ ತೂಗುತ್ತಿದ್ದ ತರಗತಿಯನ್ನು ಎಬ್ಬಿಸಲು ಅವು ಗಂಟೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ನದಿಯಾಚೆಯ ವರ್ಮಾಂಟ್‌ನಲ್ಲಿ ಹುಟ್ಟಿದ ಆ ಮಿತಭಾಷಿ ಅಧ್ಯಕ್ಷರಿಗೆ ಊಟದ ಮೇಜಿನಲ್ಲಿ ಒಬ್ಬ ಹೆಂಗಸು "ನಿಮ್ಮಿಂದ ಎರಡಕ್ಕಿಂತ ಹೆಚ್ಚು ಪದ ಆಡಿಸ್ತೀನಿ ಅಂತ ಪಂಥ ಕಟ್ಟಿದ್ದೀನಿ" ಎಂದಳಂತೆ, ಅವರು "ನೀವು ಸೋತ್ರಿ" ಎಂದರಂತೆ. ನಡೆಯಿತೋ ಇಲ್ಲವೋ ದೇವರೇ ಬಲ್ಲ, ಕೇಳಲು ಮಾತ್ರ ಚೆಂದ. ಗುಂಡೇಟು ತಿಂದು ಆಸ್ಪತ್ರೆ ಸೇರಿದ ಇನ್ನೊಬ್ಬ ಅಧ್ಯಕ್ಷರು ಹೆಂಡತಿಗೆ "ಬಗ್ಗೋದು ಮರೆತುಬಿಟ್ಟೆ ಕಣೇ" ಎಂದದ್ದನ್ನು ಜಗತ್ತೇ ಮೆಚ್ಚಿತು; ಆ ಮಾತು ಎಷ್ಟೋ ದಶಕಗಳ ಹಿಂದೆ ಸೋತು ಮನೆಗೆ ಹೋದ ಒಬ್ಬ ಮುಷ್ಟಿಕಾಳಗದವನದು ಎಂಬುದನ್ನು ನೆನಪಿಟ್ಟವರು ಕಡಿಮೆ. ಇನ್ನು ಗುಲಾಮಗಿರಿ ಕೊನೆಗಾಣಿಸಿದ ಆ ಗಡ್ಡದ ಅಧ್ಯಕ್ಷರ ವಿಚಾರ. ಅವರು ತೀರಿಕೊಂಡು ನೂರೈವತ್ತು ವರ್ಷದ ಮೇಲಾಯಿತು, ಆದರೂ ವರ್ಷಕ್ಕೆ ನಾಲ್ಕಾರು ಹೊಸ ಚಟಾಕಿ ಹಾರಿಸುತ್ತಲೇ ಇದ್ದಾರೆ. ಅಂಥ ಕಾರ್ಯತತ್ಪರತೆ ಜೀವಂತ ಇರುವ ಯಾವ ಅಧಿಕಾರಿಯಲ್ಲೂ ನಾನು ಕಂಡಿಲ್ಲ.

ಇರಲಿ. ಎಷ್ಟೋ ವರ್ಷಗಳ ಹಿಂದಿನ ಆ ಫೆಬ್ರವರಿ ಬೆಳಿಗ್ಗೆ ಡೈನರ್‌ನಲ್ಲಿ ನಡೆದದ್ದನ್ನು, ಮೂರನೆಯ ಸ್ಟೂಲಿನ ಮೇಲೆ ಕುಳಿತಿದ್ದವನಾಗಿ, ತಮ್ಮ ಸನ್ನಿಧಿಗೆ ಅರಿಕೆ ಮಾಡಿಕೊಳ್ಳುತ್ತೇನೆ. "ಎರಡನೆಯ ಸಲವೂ ನನ್ನನ್ನೇ ಆರಿಸಿ" ಎಂದು ಕೇಳಲು ಬಂದಿದ್ದ ಅಧ್ಯಕ್ಷರು ಕೌಂಟರಿನ ಮುಂದೆ ನಿಂತರು. ಸೇಬಿನ ಪೈ ಕೊಡಲೋ, ಬ್ಲೂಬೆರಿ ಪೈ ಕೊಡಲೋ ಎಂದು ವರ್ನಾ ಕೇಳಿದರು. ಸೇಬಿನ ಕಡೆಯ, ಬ್ಲೂಬೆರಿ ಕಡೆಯ ಮತದಾರರೆಲ್ಲ ಕಿವಿ ನಿಮಿರಿಸಿ ಕುಳಿತಿದ್ದನ್ನು ಕಂಡ ಅಧ್ಯಕ್ಷರು, "ಸೇಬಿನ ಮೇಲೆ ನನಗೆ ಅಪಾರ ಗೌರವ ಇದೆ. ಹಾಗಂತ ಬ್ಲೂಬೆರಿಯ ನೋವು ನನಗೆ ಅರ್ಥ ಆಗಲ್ಲ ಅಂತಲ್ಲ" ಎಂದರು. ವರ್ನಾ ಚಾಕು ಕೆಳಗಿಟ್ಟರು. "ಅಧ್ಯಕ್ಷರೇ, ಯಾವುದೋ ಒಂದು ಹೇಳಿ ಪುಣ್ಯ ಕಟ್ಕೊಳ್ಳಿ. ನೀವು ತಪ್ಪು ಆರಿಸಿದ್ರೆ ಹತ್ತು ನಿಮಿಷ ಅಗೀತೀರಿ. ನಾವು ತಪ್ಪು ಆರಿಸಿದ್ರೆ ನಾಲ್ಕು ವರ್ಷ ಅಗೀಬೇಕು!"

ಕಪ್ಪು ಕನ್ನಡಕದ ಅಂಗರಕ್ಷಕರೂ ನಕ್ಕರು. ಅಧ್ಯಕ್ಷರಂತೂ ಕಣ್ಣೊರೆಸಿಕೊಂಡು ನಕ್ಕರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮೂರ ಪತ್ರಿಕೆಯ ಸಂಪಾದಕರೂ ಅಲ್ಲೇ ಇದ್ದರು, ಬಾಯಿ ತುಂಬ ಬ್ಲೂಬೆರಿ ಇದ್ದುದರಿಂದ ಬರೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನ ಪಕ್ಕದೂರಿನ ಅಗ್ನಿಶಾಮಕ ಠಾಣೆಯ ಸಭೆಯಲ್ಲಿ ಅಧ್ಯಕ್ಷರು ಅದೇ ಮಾತನ್ನು ತುಸು ಕತ್ತರಿಸಿ ಆಡಿದರು, ಚಪ್ಪಾಳೆ ಬಿತ್ತು, ಮರುದಿನ ಅವರದೇ ಮಾತೆಂದು ದೊಡ್ಡ ಪತ್ರಿಕೆಗಳಲ್ಲಿ ಬಂತು. ನಮ್ಮ ಸಂಪಾದಕರು ತಮ್ಮ ಕಿವಿಯನ್ನು ನಂಬದೆ ಆ ಪತ್ರಿಕೆಗಳನ್ನು ನಂಬಿ ಅದನ್ನೇ ನಕಲು ಮಾಡಿದರು.

ಈಗ ತಮ್ಮ ಸಮಿತಿಯ ಬಲವಾದ ಸಾಕ್ಷ್ಯಕ್ಕೆ ಬರುತ್ತೇನೆ: ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ಆ ಕಾಗದದ ಕರವಸ್ತ್ರ, ಅದರ ಮೇಲೆ ಅಧ್ಯಕ್ಷರ ಕೈಬರಹದಲ್ಲೇ ಆ ಮಾತು, ಕೆಳಗೆ ಅವರ ಸಹಿ. ಮಾನ್ಯರೇ, ಅದನ್ನು ಬರೆಸಿಕೊಂಡ ಮೂರ್ಖ ನಾನೇ. "ಆ ಮಾತನ್ನೇ ಇದರ ಮೇಲೆ ಬರೆದು ಸಹಿ ಹಾಕಿಕೊಡಿ ಸಾರ್" ಎಂದು ಗೋಗರೆದವನು ನಾನು. ಕರವಸ್ತ್ರ ವರ್ನಾ ಅವರ ಡಬ್ಬಿಯದು, ಪೆನ್ಸಿಲು ವರ್ನಾ ಅವರ ಕಿವಿಯ ಮೇಲಿದ್ದದ್ದು, ಮಾತು ವರ್ನಾ ಅವರದು. ಕೈಬರಹ, ಸಹಿ ಮಾತ್ರ ಅಧ್ಯಕ್ಷರವು. ಹೋದ ವರ್ಷ ನಮ್ಮ ಊರಿನ ಹೆಮ್ಮೆಗೆಂದು ಅದನ್ನು ತಮ್ಮ ಸಮಿತಿಗೆ ದಾನ ಕೊಟ್ಟವನೂ ನಾನೇ. ತಾವು ಅದಕ್ಕೆ ನನಗೆ ಶಾಲು ಹೊದಿಸಿದಿರಿ. ಶಾಲು ಬೆಚ್ಚಗಿದೆ, ನೆನೆದಾಗ ಮೈ ಇನ್ನೂ ಬೆಚ್ಚಗಾಗುತ್ತದೆ.

ಸಹಿ ಇದ್ದವರದೇ ಮಾತು ಎಂಬ ತಮ್ಮ ತೀರ್ಮಾನದ ಖಚಿತತೆಗೆ ನಾನು ತಲೆಬಾಗುತ್ತೇನೆ. ಅಂಚೆಯವನು ತರುವ ಪಾರ್ಸೆಲ್ಲುಗಳಿಗೆಲ್ಲ ನಾನು ಸಹಿ ಹಾಕುತ್ತೇನಾದ್ದರಿಂದ, ಕಳೆದ ತಿಂಗಳು ಬಂದ ಬಿಸಿನೀರಿನ ಯಂತ್ರವನ್ನು ಕಂಡುಹಿಡಿದವನು ನಾನೇ ಎಂದು ಒಂದು ಸಣ್ಣ ಫಲಕ ಹಾಕಿಸಿಕೊಡಬೇಕೆಂದು ವಿನಂತಿ. ಹಾಗೆಯೇ ಅಂದು ಅಧ್ಯಕ್ಷರು ಕೊನೆಗೆ ಎರಡೂ ಪೈಗಳನ್ನು ತಿಂದರಾದ್ದರಿಂದ, ಅವುಗಳನ್ನು ಬೇಯಿಸಿದವರೂ ಅವರೇ ಎಂದು ಸೇರಿಸಿದರೆ ಇತಿಹಾಸಕ್ಕೆ ಪೂರ್ಣ ನ್ಯಾಯ ಸಿಗುತ್ತದೆ. ಅನುಕೂಲವಾದರೆ ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನೂ ತಾವು ಮಾಡಿಸಬಹುದು: ಪ್ರತಿ ಅಧ್ಯಕ್ಷರ ಹಿಂದೆ ಅಂಗರಕ್ಷಕರ ಜೊತೆಗೆ ಒಬ್ಬ ಗುಮಾಸ್ತ ನಡೆಯಬೇಕು, ಯಾವ ತಮಾಷೆಯನ್ನು ಯಾರ ಬಾಯಿಂದ ಎತ್ತಿಕೊಂಡರು ಎಂದು ಆ ಕ್ಷಣವೇ ದಾಖಲಿಸಬೇಕು.

ಒಂದು ಸಣ್ಣ ಸಂದೇಹ ಮಾತ್ರ ಉಳಿದಿದೆ. "ನನ್ನನ್ನೇ ಮತ್ತೆ ಆರಿಸಿ" ಎಂದು ಬಂದ ಮನುಷ್ಯನಿಗೆ ತಪ್ಪು ಆಯ್ಕೆಯ ನೋವು ಹೊಳೆಯುವುದಾದರೂ ಹೇಗೆ? ಅದು ಅಗಿಯುವವರಿಗೆ ಹೊಳೆಯುವ ಮಾತು; ತಟ್ಟೆಯಲ್ಲಿರುವ ಪೈಗೆ ಹೊಳೆಯುವುದಿಲ್ಲ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ಕಳೆದ ತಿಂಗಳು ಕನೆಕ್ಟಿಕಟ್‌ನಿಂದ ಬಂದ ಒಂದು ಯುವ ಜೋಡಿಗೆ ವರ್ನಾ ಎಂದಿನಂತೆ ಆ ಮಾತು ಹೇಳಿದಾಗ, ಹುಡುಗಿ ಬಹಳ ಪ್ರೀತಿಯಿಂದಲೇ, "ಅಜ್ಜಿ, ಅದು ನಿಮ್ಮದಲ್ಲ, ಅಧ್ಯಕ್ಷರದು. ನಮ್ಮ ಕಾಫಿ ಮಗ್ ಮೇಲೇ ಇದೆ" ಎಂದಳು. "ಹೌದಾ ಮಗು? ಅವರು ಯಾರ ಹತ್ರ ಕೇಳಿಸ್ಕೊಂಡ್ರಂತೆ?" ಎಂದು ವರ್ನಾ ಕೇಳಿದರು. ಜೋಡಿ ನಕ್ಕಿತು, ಅಜ್ಜಿಗೆ ಅರಳುಮರಳು ಎಂಬಂತೆ. ಅದರ ಮರುದಿನವೇ ತಮ್ಮ ನೋಟಿಸು ಬಂತು: ಕೌಂಟರಿನ ಹಿಂದಿನ ಕರಿಹಲಗೆಯ ಮೇಲೆ ಆ ಸಾಲು ಇರುವುದಾದರೆ ಅದರ ಕೆಳಗೆ ಅಧ್ಯಕ್ಷರ ಹೆಸರನ್ನು ಕಡ್ಡಾಯವಾಗಿ ಬರೆಯತಕ್ಕದ್ದು. ವರ್ನಾ ಅದನ್ನು ಓದಿದರು, ಒದ್ದೆ ಬಟ್ಟೆ ತಂದು ಇಡೀ ಹಲಗೆಯನ್ನು ಒರೆಸಿದರು.

ಮಾನ್ಯರೇ, ಅಂದಿನಿಂದ ಮೂರು ವಾರ ಎಂಬತ್ತೆರಡು ವರ್ಷದ ಆ ಹೆಂಗಸು ಗಿರಾಕಿಗಳನ್ನು "ಸೇಬೋ, ಬ್ಲೂಬೆರಿಯೋ?" ಎಂದಷ್ಟೇ ಕೇಳಿದ್ದಾರೆ. ಹಿಂದೆ ಅವರ ಒಂದು ಮಾತಿಗಾಗಿ ಹಿಮದಲ್ಲಿ ಐದು ಮೈಲಿ ನಡೆದು ಬರುತ್ತಿದ್ದವರು ನಾವು. ಈಗ ಬಂದು, ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದೇವೆ, ಯಾವುದೋ ಬಸ್ ನಿಲ್ದಾಣದಲ್ಲಿ ತಿಂದ ಹಾಗೆ. "ನನ್ನಿಂದಲೇ ಹೀಗಾಯ್ತು ವರ್ನಾ, ಆ ಕರವಸ್ತ್ರ ನಾನು ಕೊಡಬಾರದಿತ್ತು" ಎಂದು ನಾನು ಒಪ್ಪಿಕೊಂಡಾಗ ಅವರು, "ಕಾಫಿ ಇನ್ನೊಂಚೂರು ಹಾಕ್ಲಾ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ: ಸೋಮವಾರ ಫಲಕ ಹೊಡೆಯುವುದೇ ಆದರೆ ಅದರಲ್ಲಿ ಹೆಸರು ವರ್ನಾ ಥಿಬಾಡೋ ಎಂದಿರಲಿ. ಅಧ್ಯಕ್ಷರಿಗೂ ಜಾಗ ಬೇಕೆಂದಾದರೆ, "ಇದನ್ನು ಕೇಳಿ ನಕ್ಕವರು" ಎಂದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿಸಿ. ನಗುವುದೂ ಸಣ್ಣ ಸಾಧನೆಯಲ್ಲ, ಅದನ್ನು ಅವರು ನಿಜಕ್ಕೂ ಚೆನ್ನಾಗಿ ಮಾಡಿದರು. ಇಲ್ಲವಾದರೆ ನಾನು ದಾನ ಕೊಟ್ಟ ಕರವಸ್ತ್ರವನ್ನು ನನಗೆ ಹಿಂದಿರುಗಿಸಿ, ಶಾಲನ್ನು ನಾನು ಒಗೆದು ಇಸ್ತ್ರಿ ಮಾಡಿ ಕಳಿಸುತ್ತೇನೆ.

ತಮ್ಮ ತಾಳ್ಮೆಗೂ ತಮ್ಮ ಹಿತ್ತಾಳೆಗೂ ಚಿರಋಣಿಯಾದ,

ತಮ್ಮ ವಿಶ್ವಾಸಿ,
ಎಲ್‌ಬ್ರಿಜ್ ಪಿಂಕಮ್
ನಿವೃತ್ತ ಇತಿಹಾಸ ಶಿಕ್ಷಕ

ಮರೆತ ಮಾತು: ಇಂದು ಬೆಳಿಗ್ಗೆ ಈ ಪತ್ರವನ್ನು ಕೌಂಟರಿನಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ವರ್ನಾ ಕೊನೆಯವರೆಗೂ ಕೇಳಿದರು, ಕಾಫಿಯ ಜಗ್ಗನ್ನು ಕೆಳಗಿಟ್ಟರು, ತಮ್ಮ ಸಮಿತಿಯ ಬಗ್ಗೆ ಒಂದೇ ಒಂದು ವಾಕ್ಯ ಹೇಳಿದರು. ಮೂರು ವಾರದ ಮೇಲೆ ಆ ಡೈನರ್‌ನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರು ಸ್ಟೂಲಿನಿಂದ ಜಾರಿದರು. ಆ ವಾಕ್ಯವನ್ನು ಇಲ್ಲಿ ಬರೆಯಲಾರೆ, ಮುಂದಿನ ಚಳಿಗಾಲಕ್ಕೆ ಅಭ್ಯರ್ಥಿಗಳು ಮತ್ತೆ ಬರುತ್ತಾರೆ, ಅವರ ಕಿವಿ ಚುರುಕು. ಊರಿನ ನೋಟರಿಯನ್ನು ಅಲ್ಲಿಗೇ ಕರೆಸಿ, ದಿನಾಂಕ ಹಾಕಿಸಿ, ಹನ್ನೊಂದು ಸಾಕ್ಷಿಗಳ ಎದುರು ಈ ಸಲ ವರ್ನಾ ಅವರಿಂದಲೇ ಸಹಿ ಮಾಡಿಸಿ ಮೊಹರು ಮಾಡಿದ್ದೇವೆ. ಮುಂದಿನ ಫಲಕಕ್ಕೆ ಎರಕ ಹೊಯ್ಸುವಾಗ ದಯವಿಟ್ಟು ತುಸು ಅಗಲದ್ದನ್ನೇ ಆರಿಸಿ. ಆ ವಾಕ್ಯದಲ್ಲಿ ತಮ್ಮ ಹೆಸರು ಎರಡು ಸಲ ಬರುತ್ತದೆ.