ನಂಬರ್ ಬರೆಯುತ್ತಿದ್ದ ಮಾಮಾ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಗಾಡಿಯ ನಂಬರ್ ಮರೆಯುತ್ತಿರಲಿಲ್ಲ! ಬೀಗರು ಎದುರಿಗೆ ನಿಂತು ಕೈಮುಗಿದರೆ ಪಿಳಿಪಿಳಿ ನೋಡುವನು. ಅವರ ಮೋಟರ್ ಸೈಕಲ್ ಕಣ್ಣಿಗೆ ಬಿದ್ದೊಡನೆ, “ಓಹೋ, ನೀವೇನ್ರಿ! ಬರ್ರಿ, ಕುಂದ್ರಿ!” ಇಂಥವನೊಡನೆ ಅತ್ತೆ ಹೇಗೆ ಸಂಸಾರ ಮಾಡಿದಳೋ! ಪಾಪ, ಆಕೆಗೆ ನಂಬರೇ ಇರಲಿಲ್ಲವಲ್ಲ!

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಜತ್ತದ ಕನ್ನಡ ಶಾಲೆಗೆ ಮಾಸ್ತರಬಾಯಿಯಾಗಿ ಬಂದು ಅವನ ಮನೆಯಲ್ಲೇ ಇದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಪೇಂಟಿಂಗ್ ಅಂಗಡಿ. ಸ್ವಂತದ ಗಾಡಿಯಾದರೆ ಕಪ್ಪು ಹಲಗೆ, ಬಿಳಿ ಅಕ್ಷರ. ಬಾಡಿಗೆಯದಾದರೆ ಬಿಳಿ ಹಲಗೆ, ಕಪ್ಪು ಅಕ್ಷರ. ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರವಾದ ಮೇಲೆ ನಮ್ಮ ಗಾಡಿಗಳಿಗೆ ‘ಎಂ ಎಚ್’, ಮೈಸೂರು ರಾಜ್ಯದೊಳಗಿನ ವಿಜಾಪುರದ ಕಡೆಯವಕ್ಕೆ ‘ಎಂ ವಾಯ್’. ಇದನ್ನೆಲ್ಲ ಕೇಳದವರಿಗೂ ಹಿಡಿದು ನಿಲ್ಲಿಸಿ ಹೇಳುವನು.

ಒಮ್ಮೆ ಕರಜಗಿಯ ಸಾವುಕಾರರೊಬ್ಬರು ಬಂದು, “ಅಂಕಿ ಬಳ್ಳಿ ಹಬ್ಬಿದಂಗ ಬರಿಯಪ್ಪಾ,” ಎಂದರು.

“ಬಳ್ಳಿ ಹಿತ್ತಲದಾಗ ಹಚ್ಚರಿ. ನಂಬರ ಓಡೂ ಗಾಡಿ ಮ್ಯಾಲ ಇದ್ರೂ ಕಾಣಬೇಕ್ರಿ!”

ಸಾವುಕಾರರು ಸಿಟ್ಟಾಗಿ ಹೋದರು. ಮಾಮಾ ಕುಂಚ ತೊಳೆಯುತ್ತ ಕುಳಿತ.

ಒಂದು ರವಿವಾರ ಬೆಳಿಗ್ಗೆ ನಾನೂ ಮಾಮಾನ ಬಳಿ ಕುಳಿತಿದ್ದಾಗ, ಕುಣಿಕೋಣೂರದ ಕುರಿ ಕಾಯುವ ಹೆಣ್ಣುಮಗಳೊಬ್ಬಳು ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಗುಡ್ಡಾಪುರದ ದಾರಿಯಲ್ಲಿ ಜೀಪೊಂದು ಅವಳ ಗಂಡನನ್ನು ಕೆಡವಿ, ನಿಲ್ಲದೆ ಓಡಿಹೋಗಿತ್ತು. ಅವನು ಕಾಲು ಮುರಿದುಕೊಂಡು ಹಟ್ಟಿಯಲ್ಲಿ ಬಿದ್ದಿದ್ದ. ಗಾಡಿಯ ನಂಬರ್ ಎಂದರೆ ಮಾಮಾನನ್ನೇ ಕೇಳು ಎಂದು ಯಾರೋ ಅವಳನ್ನು ಕಳಿಸಿದ್ದರು.

“ನಂಬರ ನೋಡಿದೇನವ್ವಾ?”

“ಓದಾಕ ಬರೂದಿಲ್ಲರಿ ಅಣ್ಣಾ. ಕಡೀಗಿನ ನಾಕು ಅಷ್ಟ ಕಂಡಾವು. ಮೊದಲ ಒಂದು ಕುಡಗೋಲು, ಆಮ್ಯಾಲ ಎರಡು ಬಳಿ, ಕಡೀಕ ಒಂದು ಕೋಲು,” ಎಂದು ನೆಲದ ಮಣ್ಣಿನಲ್ಲಿ ಬೆರಳಿನಿಂದ ಬರೆದು ತೋರಿಸಿದಳು.

ಏಳು, ಸೊನ್ನೆ, ಸೊನ್ನೆ, ಒಂದು. ಅದು ಮಾಮಾನೇ ಬರೆದ ನಂಬರ್. ಜೀಪು ಅವನ ಬಾಲ್ಯದ ಗೆಳೆಯನದು. ದಿನಾ ಸಂಜೆ ಇಬ್ಬರೂ ಕೂಡಿಯೇ ಚಹಾ ಕುಡಿಯುತ್ತಿದ್ದರು.

ಮಾಮಾ ಕೈಯಲ್ಲಿದ್ದ ಕುಂಚವನ್ನು ಡಬ್ಬಿಯಲ್ಲಿ ಅದ್ದಿಟ್ಟ. ಆಮೇಲೆ ಎದ್ದು, “ನಡಿಯವ್ವಾ,” ಎಂದ. ನನಗೆ ಮನಸ್ಸು ತಡೆಯಲಿಲ್ಲ, ನಾನೂ ಹಿಂದೆ ಹೋದೆ.

ಗೆಳೆಯ ತನ್ನ ಮನೆಯ ಬಾಗಿಲಲ್ಲಿ ಅವಳನ್ನು ಕಂಡವನೇ ಮಾಮಾನ ಕೈ ಹಿಡಿದುಕೊಂಡ. “ಹೆದರಿ ಓಡಿ ಬಂದೆಪಾ. ನೀ ಬಾಯಿ ಬಿಡದಿದ್ರ ಯಾರಿಗೂ ತಿಳಿಯೂದಿಲ್ಲ.”

“ಅದಕ್ಕ ಬಂದೀನಿ,” ಎಂದ ಮಾಮಾ. “ಗಾಡಿ ತಗಿ. ಮೊದಲ ಅವನ್ನ ಮಿರಜದ ದವಾಖಾನಿಗೆ ಒಯ್ಯೂಣು. ಆಮ್ಯಾಲ ಪೊಲೀಸ ಫೌಜದಾರರ ಮುಂದ ನೀನ ಎಲ್ಲಾ ಹೇಳು. ನಾ ಬಾಜೂಕ ನಿಂದರತೀನಿ.”

ಗೆಳೆಯ ಎರಡನ್ನೂ ಮಾಡಿದ. ಆದರೆ ಚಹಾಕ್ಕೆ ಮತ್ತೆಂದೂ ಬರಲಿಲ್ಲ.

ಗಂಡನ ಜೊತೆ ಹೆಂಡತಿಯೂ ಮಿರಜದಲ್ಲಿ ಉಳಿದಳು. ಕುರಿಗಳಿಗೆ ಯಾರು? ಕುರಿಯ ಮುಂದು ಹಿಂದು ತಿಳಿಯದ ಮಾಮಾ ಅಂಗಡಿಗೆ ಕೀಲಿ ಹಾಕಿ ಕುಣಿಕೋಣೂರಕ್ಕೆ ಹೋದ! ಕುರಿಗಳು ಒಂದು ದಿಕ್ಕಿಗೆ, ಇವನು ಒಂದು ದಿಕ್ಕಿಗೆ. ಊರೆಲ್ಲ ನಕ್ಕಿತು.

ತಿಂಗಳಾದ ಮೇಲೆ ಗಂಡ ಹೆಂಡತಿ ಮರಳಿದ ದಿನ ನಾನೂ ಹೋಗಿದ್ದೆ. ಮಾಮಾ ಅವರ ಮುಂದೆ ತಲೆತಗ್ಗಿಸಿ ನಿಂತ.

“ಒಂದು ಮರಿ ಉಳಸಾಕ ಆಗಲಿಲ್ಲವ್ವಾ.”

ಅವಳು ಕುಂಟುತ್ತ ಒಳಗೆ ಹೋಗುತ್ತಿದ್ದ ಗಂಡನನ್ನು ನೋಡಿದಳು. “ನಮ್ಮ ಮನಿಶ್ಯಾ ಉಳದಾನಲ್ಲೋ ಅಣ್ಣಾ. ಕುಂದ್ರು, ರೊಟ್ಟಿ ಮಾಡತೀನಿ.”

ಮಾಮಾ ಅಲ್ಲೇ ನೆಲದ ಮೇಲೆ ಕುಳಿತು, ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.